ಕೊಸರು

ಎಷ್ಟನೇ ನಂಬರ ಬಂದಿ?
ತಾಳಿಕೋಟಿ ಸ್ಟ್ಯಾಂಡಿನಾಗ ಬಸ್ಸಿಳಿಯೂದರಾಗ
ಚಾದಂಗಡಿ ಮೈಬೂಸಾಬ ಕೇಳಿದ,
ಪತ್ರಾಸಿನಂಗಡಿ ಗುರುಬಸಯ್ಯ ಕೇಳಿದ,
ಕೇಳಿ, ಉತ್ತರಾ ಬರೂತನಕ ನಿಲ್ಲದ
ಟಂಟಂ ಹತ್ತಿ ಹೋದವರೂ ಕೇಳಿದರು.

ಅರವತ್ತೊಂದು, ಅಂದೆ.
ತಿರುವಿ ಹದಿನಾರು ಅಂತ ಕೇಳಿಸಿಕೊಂಡ ಒಬ್ಬ,
ಪುಣ್ಯಾತ್ಮ.

ಹೆಂಗ ಹೇಳಲಿ ಅವರಿಗೆ ಆ ಆಟದ ಲೆಕ್ಕ.
ಒಂದು ದೇಶಕ್ಕ ಆರು ಹುಡುಗ್ಯಾರು, ಇಪ್ಪತ್ತರೊಳಗಿನವರು,
ಓಡೂದು ಆರೂ ಮಂದಿ,
ಬರಕೊಳ್ಳೂದು ಮೊದಲ ನಾಕು ಮಂದೀದು.
ನಾಕರ ನಂಬರ ಕೂಡಿಸಬೇಕು,
ಮೊತ್ತ ಕಮ್ಮಿ ಇದ್ದವರು ಮ್ಯಾಲೆ.
ಐದನೇಯಾಕಿ, ಆರನೇಯಾಕಿ
ಕಾಗದದ ಕೆಳಗ ಕಂಸದಾಗ ಕುಂಡರತಾರ.
ನಾ ಆರನೇಯಾಕಿ.

ಡೋಣಿ ಬೆಳದರ ಓಣೆಲ್ಲ ಜ್ವಾಳ ಅಂತಾರ.
ಆ ಡೋಣಿ ದಂಡಿ ಎರಿಯಾಗ ಕಲತ ಕಾಲಿವು.
ಮಳಿ ಬಿದ್ದ ಮರುದಿನ ಅಲ್ಲಿ ಹೆಜ್ಜಿ ಇಟ್ಟರ
ಭೂಮಿ ಕಾಲು ಬಿಡಂಗಿಲ್ಲ,
ಪಾದಕ್ಕ ಎರಡೆರಡು ಸೇರು ಮಣ್ಣು,
ಸಾಲಿ ಮುಟ್ಟೂದರಾಗ ಆನಿಕಾಲು.
ಬಗಲಾಗ ಪತ್ರಿ, ಹೂವಿನ ಬುಟ್ಟಿ,
ಮೂವತ್ತೆರಡು ಮನಿ,
ಪೂಜಾಕ್ಕ ಕುಂಡ್ರೂದರೊಳಗ ಮುಟ್ಟಿಸಬೇಕು.
ಮಾಸ್ತರು ಬಾಳಪ್ಪ ಕಮತಗಿ ಒಂದಿನ
ಸೈಕಲ್ ಮ್ಯಾಲೆ ಹಿಂದ ಹಿಂದ ಬಂದು
ಗಡಿಯಾರ ನೋಡಿಕೊಂಡು, ಏನೂ ಅನ್ನದ ಹೊಳ್ಳಿ ಹೋದರು.
ಮರುದಿನ ಒಂದು ಜೋಡಿ ಬೂಟು ತಂದರು,
ಮಗಂದು, ಎರಡು ನಂಬರ ದೊಡ್ಡದು.

ಆ ಥಂಡಿ ದೇಶದಾಗ ಸೂರ್ಯ
ಮುನಿಸಿಕೊಂಡ ಬೀಗರಂಗ
ಬಾಗಲಾಗ ನಿಂತಿದ್ದ, ಒಳಗ ಬರಲಿಲ್ಲ.
ಹುಲ್ಲಿನ ದಿಬ್ಬ, ಇಳುಕಲು, ಒಂದು ಅಡ್ಡಗಟಗಿ, ಮತ್ತ ದಿಬ್ಬ,
ಎರಡು ಕಿಲೋಮೀಟರಿನ ಸುತ್ತು, ಮೂರು ಸಲ.
ಪಿಸ್ತೂಲು ಹಾರಿತು,
ಎತ್ತರದ ಹುಡುಗ್ಯಾರು
ಕಣದಾಗಿನ ಗುಬ್ಬಿ ಎದ್ದಂಗ ಎದ್ದು ಹೋದರು.
ಅವರ ಹಿಂದ ನಮ್ಮ ನಾಲ್ವರು,
ನೂರು ಹೆಜ್ಜಿ ಬಿಟ್ಟು ಐದನೇಯಾಕಿ,
ಆಕಿ ಹಿಂದ ನಾ,
ಬಾಯಾಗ ಕುಕ್ಕರಿನ ಹಬಿ.

ಮೂರನೇ ಸುತ್ತಿನಾಗ ತಗ್ಗಿನ ರಾಡಿ.
ತುಳದು ತುಳದು ಕುದ್ದಂಗಾಗಿತ್ತು.
ಎಲ್ಲಾರೂ ಅಂಚು ಹಿಡದರು,
ನಾ ನಡುವ ಹೊಕ್ಕೆ.
ಇದೇನು ರಾಡಿ? ಡೋಣಿ ಮುಂದ ಇದು ಅಂಬಲಿ.
ಮುಂದಿನಾಕಿ ಹಸಿರಂಗಿಯಾಕಿ,
ಆಕಿ ಬೂಟು ಸಿಗಬಿತ್ತು. ಬಗ್ಗಿದಳು.
ಬಗ್ಗಿದ ಬೆನ್ನು ಕಂಡೆ,
ಕುತ್ತಿಗಿ ಮ್ಯಾಲಿನ ಒದ್ದಿ ಕೂದಲ ಕಂಡೆ.
ನಿಂದರಲಿಲ್ಲ.
ನನ್ನ ಬೂಟಿಗೆ ಲಾಡಿ ಮ್ಯಾಲೆ ಬಾಳಿನಾರು ಸುತ್ತಿತ್ತು,
ಅವ್ವನ ಗಂಟು,
ಮಲ್ಲಿಗಿ ತೊಟ್ಟು ಮುರಿಯದಂಗ ಬಿಗಿಯೂ ಗಂಟು.

ಆಕಿ ಅವರ ದೇಶದ ನಾಕನೇಯಾಕಿ.
ನಾ ದಾಟಿದ್ದಕ್ಕ ಆಕಿ ಅರವತ್ತೆರಡು.
ಸರಿಸಮ ಆಗಬೇಕಿದ್ದ ಮೊತ್ತ
ಒಂದರಲೆ ತಪ್ಪಿತು.
ನಮಗ ಒಂಬತ್ತನೇ ಜಾಗಾ, ಅವರಿಗೆ ಹತ್ತು.
ಇದನ್ನ ಯಾರೂ ಎಲ್ಲೂ ಬರಿಯಲಿಲ್ಲ.
ಕೈ ಕುಲುಕೂ ಹೊತ್ತಿನಾಗ
ಆಕಿ ಒಂದೇ ಬೂಟಿನ ಮ್ಯಾಲೆ ನಿಂತಿದ್ದಳು,
ಇನ್ನೊಂದು ಕಾಲಚೀಲ ಕರ್ರಗಾಗಿತ್ತು.
ನಕ್ಕಳು.
ನನಗ ನಗಾಕ ಬರಲಿಲ್ಲ.

ಸಂಜಿಕೆ ಅವ್ವ ಹೂ ಕಟ್ಟಕೋತ ಕೇಳಿದಳು,
ನಾಕ ಮಂದೀದು ಬರಕೊಳ್ಳೂದಾದರ
ಉಳದಿಬ್ಬರು ಯಾಕ ಓಡಬೇಕು?
ನಾ ಬಾಯಿ ತಗೀಯೂದರಾಗ ಗಿರಾಕಿ ಬಂತು.
ಅವ್ವ ಮೊಳಾ ಅಳದಳು,
ಮೊಳದ ಮ್ಯಾಲೆ ನಾಕು ಬೆರಳು ಬಿಟ್ಟು ಕತ್ತರಿಸಿದಳು,
ರೊಕ್ಕ ಇಸಗೊಂಡಳು, ಮೊಳದ್ದಷ್ಟ.
ಆಮ್ಯಾಲೆ ನನ್ನ ಕಡೆ ತಿರುಗಿ
ಏನಂದಿ? ಅಂದಳು.
ಏನಿಲ್ಲ, ಅಂದೆ.

ಮುಂಜಾನೆ ಮತ್ತ ಬುಟ್ಟಿ.
ಕಾಲಾಗ ಇನ್ನೂ ಆ ದಿಬ್ಬದ ನೋವು.
ಹದಿನೇಳನೇ ಮನಿ ನೀಲಗಂಗಮ್ಮಾಯಿ
ಕಟ್ಟೀ ಮ್ಯಾಲೆ ಕಾಯ್ಕೊಂಡು ಕುಂತಿದ್ದಳು.
ನಿನ್ನ ತಮ್ಮಗ ನಮ್ಮ ಮನಿ ಸಿಗಲಿಲ್ಲೇನ?
ಒಂಬತ್ತು ದಿನದ ಹೂ ಬಂದಿಲ್ಲ,
ರೊಕ್ಕ ಮುರಕೋತೀನಿ ನೋಡು.
ಬೆರಳ ಮಡಚಿ ಎಣಿಸಿದೆ.
ಖರೇ, ಒಂಬತ್ತು.
ಮುರಕೋ ಆಯಿ, ಅಂದೆ,
ಹದಿನೆಂಟನೇ ಮನಿಯಾಗ ಆಗಲೇ
ಗಂಟಿ ಬಾರಸಾಕ ಹತ್ತಿದ್ದರು.